ಕಿವಿ ಹಿಂಡಲು ಅರ್ಜಿ

1970ರ ಮಿನಿಮೂಗ್ ಸಿಂಥಸೈಜರಿಗೆ (ವಿದ್ಯುತ್ತಿನಿಂದ ನಾದ ಹುಟ್ಟಿಸುವ ಕೀಬೋರ್ಡ್ ವಾದ್ಯ) ಮೈತುಂಬ ಕಿವಿ, ಅಂದರೆ ತಿರುಗಿಸುವ ನಾಬ್. ನಾದ ಮಂಕಾಯಿತೇ? ನಾದದ ಹೊಳಪು ತಿದ್ದುವ ಫಿಲ್ಟರಿನ ಕಿವಿ ಹಿಂಡಿದರೆ ಸಾಕು, ಹೇಳಿದ ಮಾತು ಕೇಳುತ್ತಿತ್ತು. ಒಂದು ನಾಬಿಗೆ ಒಂದೇ ಕೆಲಸ. ಇಂಥ ಅನಾಗರಿಕತೆ ಬಹಳ ದಿನ ನಡೆಯುವಂತಿರಲಿಲ್ಲ.

1983ರಲ್ಲಿ ಯಮಹಾ ಡಿಎಕ್ಸ್7 ಬಂದು ಆ ಕಿವಿಗಳನ್ನೆಲ್ಲ ಸವರಿಹಾಕಿತು. ಚಪ್ಪಟೆ ಬಟನ್‌ಗಳ ಸಾಲು, ಅಂಕಿ ಏರಿಳಿಸಲು ಒಂದೇ ಸ್ಲೈಡರ್, ಸಾಲಿಗೆ 16 ಅಕ್ಷರದಂತೆ ಎರಡು ಸಾಲಿನ ಪರದೆ. ಒಳಗೋ, ನಾದ ಹುಟ್ಟಿಸುವ 6 ಆಪರೇಟರ್, ಅವನ್ನು ಜೋಡಿಸುವ 32 ಬಗೆ (ಆಲ್ಗಾರಿದಮ್), ನೂರಕ್ಕೂ ಮಿಕ್ಕಿದ ಸೆಟ್ಟಿಂಗು. ಬೀಗದ ತೂತಿನಲ್ಲಿ ಕಡ್ಡಿ ತೂರಿಸಿ ಇಡೀ ಮನೆ ಗುಡಿಸಿದ ಹಾಗೆ! (ಅಷ್ಟಕ್ಕೂ ನಾಬ್ ಇಟ್ಟಿದ್ದರೆ ವಾದ್ಯ ಹೊರಲು ನಾಲ್ಕು ಜನ ಬೇಕಾಗುತ್ತಿತ್ತು, ಅದೂ ನಿಜ.) ಜಾಣರು ಗುಡಿಸುವ ಗೋಜಿಗೇ ಹೋಗಲಿಲ್ಲ. ಕಾರ್ಖಾನೆ ತುಂಬಿ ಕಳಿಸಿದ ಎಲೆಕ್ಟ್ರಿಕ್ ಪಿಯಾನೋ ಸದ್ದನ್ನೇ ಒತ್ತಿದರು. ಆ ದಶಕದ ಪ್ರೇಮಿಗಳೆಲ್ಲ ಒಂದೇ ದನಿಯಲ್ಲಿ ಅತ್ತರು.

ನಿಜವಾದ ಪ್ರತಿಭೆ ರೋಲ್ಯಾಂಡ್ ಕಂಪನಿಯದು. ಅದೇ ವರ್ಷದ ಜೆಎಕ್ಸ್-3ಪಿ ಸಿಂಥಸೈಜರಿನ ಮೈಮೇಲಿನ ಕಿವಿಗಳನ್ನು ಬಹುಪಾಲು ಕೊಯ್ದು, ಪಿಜಿ-200 ಎಂಬ ಡಬ್ಬಿಗೆ ಅಂಟಿಸಿ, ಬೇಕಾದವರಿಗೆ ಬೇರೆಯಾಗಿ ಮಾರಿತು. 1987ರ ಡಿ-50ಗೂ ಇದೇ ಉಪಚಾರ. ಡಬ್ಬಿಯ ಹೆಸರು ಮಾತ್ರ ಪಿಜಿ-1000. ಮೊದಲು ಕಿವುಡು ಮಾಡು, ಆಮೇಲೆ ಕಿವಿ ಮಾರು.

ಈಗ ಕಾಲ ಪೂರ್ತಿ ಒಂದು ಸುತ್ತು ತಿರುಗಿದೆ, ನಾಬಿನ ಹಾಗೆಯೇ. 'ಪ್ರತಿ ಕೆಲಸಕ್ಕೂ ಪ್ರತ್ಯೇಕ ನಾಬ್' ಎಂಬುದು ಜಾಹೀರಾತಿನ ದಪ್ಪಕ್ಷರ. ಕೊಂಡವರು ನಲವತ್ತು ನಾಬ್‌ಗಳ ಫೋಟೋ ತೆಗೆದು, ಎರಡನ್ನು ತಿರುಗಿಸಿ, ಉಳಿದವುಗಳ ಧೂಳು ಒರೆಸುತ್ತಾರೆ. ಸೇವ್ ಮಾಡಿದ ಸದ್ದನ್ನು ಕರೆದಾಗ ಆ ನಾಬ್‌ಗಳೂ ಹಸಿಸುಳ್ಳು ಹೇಳುತ್ತವೆ: ಮುಳ್ಳು ತೋರುವುದು ಹತ್ತು, ಕೇಳುವುದು ಎರಡು. ಮುಟ್ಟಿದಿರೋ, ಸದ್ದು ಹೌಹಾರಿ ನೆಗೆಯುತ್ತದೆ.

ನನ್ನ ಪುಟ್ಟ ಪೆಟ್ಟಿಗೆಗೆ ಒಂದೇ ಕಿವಿ. ಅದನ್ನು ಹಿಂಡುವ ಮುನ್ನ ಶಿಫ್ಟ್ ಒತ್ತಿ ಅರ್ಜಿ ಹಾಕಬೇಕು. ಅರ್ಜಿ ಮೆನುವಿಗೆ ಹೋಗಿ, ಅಲ್ಲಿಂದ ಉಪಮೆನುವಿಗೆ, ಅಲ್ಲಿಂದ ಮೂರನೇ ಪುಟಕ್ಕೆ ರವಾನೆಯಾಗುತ್ತದೆ. ಮೊನ್ನೆ ವೇದಿಕೆಯ ಮೇಲೆ ಪ್ರತಿಧ್ವನಿ ಹುಟ್ಟಿಸುವ ಡಿಲೇ ಹುಚ್ಚೆದ್ದು, ಒಂದು ತಾಳ ನೂರಾಗಿ ಮೊಳಗತೊಡಗಿತು. ಇಳಿಸಲು ಹೊರಟೆ. ಶಿಫ್ಟ್, ಮೆನು, ಪುಟ... ಬೆವರು. ಕೊನೆಗೂ ಸರಿಯಾದ ಜಾಗ ಸಿಕ್ಕಿತೆಂದು ಭರ್ರನೆ ತಿರುಗಿಸಿದೆ.

ಸಭೆ ಇದನ್ನು ಹೊಸ ಪ್ರಯೋಗವೆಂದು ಭಾವಿಸಿ ಚಪ್ಪಾಳೆ ತಟ್ಟಿತು. ಡಿಲೇ ಮೊಳಗುತ್ತಲೇ ಇತ್ತು. ಪರದೆ ಮಾತ್ರ ಮೊದಲಿಗಿಂತ ಪ್ರಕಾಶಮಾನವಾಗಿ ಬೆಳಗುತ್ತಿತ್ತು.