ಅರ್ಜಿ ಹಾಕುವುದು ನನಗೆ ಗೊತ್ತು, ಉತ್ತರ ಕೊಡುವುದು ಅವರಿಗೆ ಗೊತ್ತಾ?

ಕೆಲಸ ಹುಡುಕುತ್ತಿದ್ದೇನೆ ಅಂತ ಬಾಯಿ ಬಿಟ್ಟರೆ ಸಾಕು, ಉಪದೇಶ ಶುರು. ರೆಸ್ಯೂಮೆ ಒಂದೇ ಪುಟ ಇರಲಿ. ಒಂದೊಂದು ಕೆಲಸಕ್ಕೂ ಬೇರೆ ಬೇರೆ ಮಾಡು. ಜಾಹೀರಾತಿನಲ್ಲಿರುವ ಪದಗಳನ್ನೇ ಬಳಸು. ಜಾಹೀರಾತು ಬಂದ ದಿನವೇ ಹಾಕು. ಎಲ್ಲಾ ಸರಿ ಸ್ವಾಮಿ, ಎಲ್ಲಾ ಮಾಡಿದ್ದೇನೆ. ಇದನ್ನು ಹೇಳುವ ಪುಣ್ಯಾತ್ಮರು ತಾವು ಕೊನೆಯ ಸಲ ಅರ್ಜಿ ಹಾಕಿದ್ದು ಯಾವಾಗ ಅಂತ ಕೇಳಿದರೆ ಮಾತ್ರ ಮಾತು ಬದಲಾಯಿಸುತ್ತಾರೆ.

ಒಂದು ಅರ್ಜಿ ಹಾಕುವುದು ಅಂದರೆ ಏನು ಅಂತ ಹೇಳುತ್ತೇನೆ ಕೇಳಿ. ಮೊದಲು ಖಾತೆ ತೆರೆಯಬೇಕು. ಒಂದೊಂದು ಕಂಪನಿಗೂ ಒಂದೊಂದು ಖಾತೆ, ಒಂದೊಂದು ಪಾಸ್‌ವರ್ಡ್. ಒಳಗೆ ಹೋದ ತಕ್ಷಣ "ರೆಸ್ಯೂಮೆ ಅಪ್‌ಲೋಡ್ ಮಾಡಿ, ಉಳಿದದ್ದನ್ನು ನಾವೇ ತುಂಬುತ್ತೇವೆ" ಅನ್ನುತ್ತದೆ. ತುಂಬಿದ್ದು ನೋಡಿದರೆ ಪಿತ್ತ ನೆತ್ತಿಗೇರುತ್ತದೆ. ಕಂಪನಿಯ ಹೆಸರಿನ ಜಾಗದಲ್ಲಿ ನಾನು ಓದಿದ ಕಾಲೇಜು. ಹುದ್ದೆಯ ಜಾಗದಲ್ಲಿ ನನ್ನ ಫೋನ್ ನಂಬರ್. ಹಿಂದಿನ ಕೆಲಸ ಬಿಟ್ಟ ತಾರೀಖು ಸೇರಿದ ತಾರೀಖಿಗಿಂತ ಮುಂಚೆ! ಎಲ್ಲವನ್ನೂ ಅಳಿಸಿ, ಆ ರೆಸ್ಯೂಮೆಯಲ್ಲೇ ಇರುವುದನ್ನು ಮತ್ತೆ ಟೈಪ್ ಮಾಡಬೇಕು. ತಿಂಗಳಿಗೊಂದು ಡ್ರಾಪ್‌ಡೌನ್, ವರ್ಷಕ್ಕೊಂದು ಡ್ರಾಪ್‌ಡೌನ್. ಕೊನೆಯ ಪುಟಕ್ಕೆ ಬಂದು ಸಬ್‌ಮಿಟ್ ಒತ್ತಿದರೆ "ನಿಮ್ಮ ಸೆಷನ್ ಮುಗಿದಿದೆ, ಮತ್ತೆ ಲಾಗಿನ್ ಆಗಿ".

ಇದಕ್ಕೂ ತಪ್ಪು ನನ್ನದೇ ಅಂತೆ. ರೆಸ್ಯೂಮೆಯಲ್ಲಿ ಎರಡು ಕಾಲಂ ಮಾಡಿದರೆ ಕೆಲವು ಸಾಫ್ಟ್‌ವೇರ್‌ಗಳು ಎಡಗಡೆಯ ಸಾಲನ್ನೂ ಬಲಗಡೆಯ ಸಾಲನ್ನೂ ಕಲಸಿ ಓದುತ್ತವೆ. ಹೆಡರ್‌ನಲ್ಲಿ ಹಾಕಿದ ಇಮೇಲ್ ಕೆಲವಕ್ಕೆ ಕಾಣಿಸುವುದೇ ಇಲ್ಲ. ಹಾಗಾಗಿ ಒಂದೇ ಕಾಲಂ ಇರಲಿ, ಟೇಬಲ್ ಬೇಡ, ತಲೆಬರಹಗಳು ಮಾಮೂಲಿಯಾಗಿರಲಿ ಅನ್ನುತ್ತಾರೆ. ಸಲಹೆ ಸರಿಯಾದದ್ದೇ, ನಾನೂ ಹಾಗೇ ಮಾಡುತ್ತೇನೆ. ಆದರೆ ಓದಲು ಬಾರದ್ದು ಅವರ ಯಂತ್ರಕ್ಕೆ, ತಿದ್ದಿಕೊಳ್ಳಬೇಕಾದವನು ನಾನು. ಇದ್ಯಾವ ನ್ಯಾಯ?

ಇದರ ಮಧ್ಯೆ "ಮುಕ್ಕಾಲು ಪಾಲು ರೆಸ್ಯೂಮೆಗಳನ್ನು ಮನುಷ್ಯರು ನೋಡುವ ಮೊದಲೇ ಸಾಫ್ಟ್‌ವೇರ್ ಬಿಸಾಡುತ್ತದೆ" ಅಂತ ಹೆದರಿಸಿ ದುಡ್ಡು ಕೀಳುವವರ ಒಂದು ಗುಂಪೇ ಇದೆ. ಆ ಲೆಕ್ಕ ಎಲ್ಲಿಂದ ಬಂತು ಅಂದರೆ ಯಾರೂ ತೋರಿಸುವುದಿಲ್ಲ. ತಾನಾಗಿಯೇ ಹೊರಗೆ ಹಾಕುವುದು ಹೆಚ್ಚಾಗಿ ಫಾರಂನ ಹೌದು-ಇಲ್ಲ ಪ್ರಶ್ನೆಗಳು. ಇಷ್ಟು ವರ್ಷ ಅನುಭವ ಇದೆಯಾ? ಈ ದೇಶದಲ್ಲಿ ಕೆಲಸ ಮಾಡಲು ಪರವಾನಗಿ ಇದೆಯಾ? ಇಲ್ಲ ಅಂದರೆ ಮುಗಿಯಿತು ಕಥೆ. ಅದಕ್ಕೆ ಚಂದದ ಟೆಂಪ್ಲೇಟ್ ಕೊಂಡು ಏನು ಪ್ರಯೋಜನ?

ಇನ್ನು ಸಂಬಳ. ಜಾಹೀರಾತಿನಲ್ಲಿ "ಆಕರ್ಷಕ ಸಂಬಳ" ಅಂತ ಬರೆದು ಸುಮ್ಮನಾಗುತ್ತಾರೆ. ಆದರೆ ಫಾರಂನಲ್ಲಿ ನನ್ನ ಈಗಿನ ಸಂಬಳದ ಮುಂದೆ ಕೆಂಪು ಚುಕ್ಕಿ, ತುಂಬದೆ ಮುಂದಿನ ಪುಟಕ್ಕೆ ಬಿಡುವುದೇ ಇಲ್ಲ. ಯುರೋಪಿಯನ್ ಒಕ್ಕೂಟ 2023ರಲ್ಲೇ ನಿಯಮ ಮಾಡಿದೆ. ಕೆಲಸಕ್ಕೆ ಎಷ್ಟು ಸಂಬಳ ಅಂತ ಮೊದಲೇ ತಿಳಿಸಬೇಕು, ಹಳೇ ಸಂಬಳ ಕೇಳುವ ಹಾಗಿಲ್ಲ. ಸದಸ್ಯ ದೇಶಗಳು ಅದನ್ನು ತಮ್ಮ ಕಾನೂನಿಗೆ ಸೇರಿಸಲು ಕೊಟ್ಟ ಗಡುವು 2026ರ ಜೂನ್. ಅಂದರೆ ಇದು ಆಗದ ಹೋಗದ ಮಾತೇನಲ್ಲ. ಮನಸ್ಸಿಲ್ಲ, ಅಷ್ಟೇ.

"ಫಾರಂ ಬಿಡು ಮಾರಾಯ, ರೆಫರಲ್ ಹಿಡಿ" ಅನ್ನುವವರೂ ಇದ್ದಾರೆ. ಅವರ ಮಾತು ಸುಳ್ಳಲ್ಲ, ಅದೇ ಇನ್ನೂ ಜಾಸ್ತಿ ಉರಿಸುವುದು. ಮಾರ್ಕ್ ಗ್ರನೊವೆಟರ್ ಅನ್ನುವ ಸಮಾಜಶಾಸ್ತ್ರಜ್ಞ 1973ರಲ್ಲೇ ಇದನ್ನು ಬರೆದಿದ್ದಾರೆ. ಪರಿಚಯದವರ ಮೂಲಕ ಕೆಲಸ ಸಿಕ್ಕವರಲ್ಲಿ ಹೆಚ್ಚಿನವರಿಗೆ ಸುದ್ದಿ ಬಂದದ್ದು ದಿನಾ ಸಿಗುವ ಗೆಳೆಯರಿಂದ ಅಲ್ಲ, ಆಗೊಮ್ಮೆ ಈಗೊಮ್ಮೆ ಸಿಗುವವರಿಂದ. ಸರಿ, ನಾನೂ ವರ್ಷಗಳಿಂದ ಮಾತಾಡದವರಿಗೆ "ಹೇಗಿದ್ದೀರಾ, ನೆನಪಿದೆಯಾ?" ಅಂತ ಮೆಸೇಜ್ ಹಾಕುತ್ತೇನೆ. ಯಾಕೆ ಹಾಕಿದೆ ಅಂತ ಇಬ್ಬರಿಗೂ ಗೊತ್ತು, ಆದರೂ ಆರೋಗ್ಯ ವಿಚಾರಿಸಬೇಕು. ಒಬ್ಬರು ಪಾಪ, ಒಳಗಡೆಯಿಂದ ನನ್ನ ಹೆಸರು ಕೊಟ್ಟರು. ಮಾರನೇ ದಿನ ಅವರ ಎಚ್‌ಆರ್ ಕಡೆಯಿಂದ ಒಂದು ಲಿಂಕ್ ಬಂತು: "ದಯವಿಟ್ಟು ನಮ್ಮ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ".

ಹಾಕಿದೆ. ಆಮೇಲೆ ಕ್ಯಾಮೆರಾ ಎದುರು ಇಂಟರ್‌ವ್ಯೂ. ಆ ಕಡೆ ಯಾರೂ ಇಲ್ಲ. ಪರದೆಯ ಮೇಲೆ ಪ್ರಶ್ನೆ ಬರುತ್ತದೆ, ಯೋಚಿಸಲು ಮೂವತ್ತು ಸೆಕೆಂಡು, ಮೂಲೆಯಲ್ಲಿ ಅಂಕಿ ಇಳಿಯುತ್ತಾ ಇರುತ್ತದೆ, ಪಕ್ಕದಲ್ಲಿ ನನ್ನದೇ ಮುಖ ನನ್ನನ್ನೇ ನೋಡುತ್ತಾ ಇರುತ್ತದೆ. "ನಮ್ಮ ಕಂಪನಿಯಲ್ಲೇ ಯಾಕೆ ಕೆಲಸ ಮಾಡಬೇಕು?" ಅಂತ ಪ್ರಶ್ನೆ. ಮಾತಾಡಲು ಒಬ್ಬ ಮನುಷ್ಯನನ್ನು ಕೂರಿಸಲಾರದವರು ಇದನ್ನು ಕೇಳುತ್ತಾರೆ! ಅದಾದ ಮೇಲೆ ಒಂದು ಅಸೈನ್‌ಮೆಂಟ್. "ಎರಡು ಗಂಟೆಯ ಕೆಲಸ" ಅಂದಿದ್ದರು. ಶನಿವಾರ, ಭಾನುವಾರ ಎರಡೂ ಹೋಯಿತು.

ಆಮೇಲೆ ಸದ್ದಿಲ್ಲ, ಸುದ್ದಿಯಿಲ್ಲ.

ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ. ಕೆಲಸ ಕೊಡದಿದ್ದರೆ ಬೇಡ. ನನಗಿಂತ ಒಳ್ಳೆಯವರು ಸಿಕ್ಕಿರಬಹುದು. ಮೊದಲೇ ಒಳಗಿನವರಿಗೆ ಅಂತ ಗೊತ್ತುಮಾಡಿ ಸುಮ್ನೆ ಜಾಹೀರಾತು ಹಾಕಿರಬಹುದು. ಕೆಲಸವೇ ಇಲ್ಲದೆ, ಮುಂದೆ ಬೇಕಾದಾಗ ಇರಲಿ ಅಂತ ರೆಸ್ಯೂಮೆ ಗುಡ್ಡೆ ಹಾಕಿಕೊಳ್ಳುವವರೂ ಇದ್ದಾರೆ. ಏನೇ ಇರಲಿ, "ಇಲ್ಲ" ಅನ್ನಲು ಏನು ಕಷ್ಟ? ನನ್ನ ಸ್ಥಿತಿ ಪೋರ್ಟಲ್‌ನಲ್ಲಿ ಇವತ್ತಿಗೂ "ಪರಿಶೀಲನೆಯಲ್ಲಿದೆ". ಅದೇ ಕೆಲಸಕ್ಕೆ ಅದೇ ಕಂಪನಿ ಮತ್ತೆ ಜಾಹೀರಾತು ಹಾಕಿದೆ. ಕೇಳೋಣ ಅಂದರೆ ಇಮೇಲ್‌ನ ಕೆಳಗೆ "ಇದಕ್ಕೆ ಉತ್ತರಿಸಬೇಡಿ".

ಕೆನಡಾದ ಒಂಟಾರಿಯೊದಲ್ಲಿ 2026ರ ಜನವರಿ 1ರಿಂದ ಇದಕ್ಕೂ ಕಾನೂನು ಬಂದಿದೆ. 25 ಅಥವಾ ಹೆಚ್ಚು ನೌಕರರಿರುವ ಕಂಪನಿಗಳು ಇಂಟರ್‌ವ್ಯೂ ಮಾಡಿದವರಿಗೆ 45 ದಿನದೊಳಗೆ ನಿರ್ಧಾರ ಆಯಿತೋ ಇಲ್ಲವೋ ತಿಳಿಸಬೇಕು. ಹುದ್ದೆ ನಿಜವಾಗಿ ಖಾಲಿ ಇದೆಯಾ ಅಂತ ಜಾಹೀರಾತಿನಲ್ಲೇ ಹೇಳಬೇಕು. ನೋಡಿ, ಇಷ್ಟು ಮಾಮೂಲಿ ಮರ್ಯಾದೆಗೂ ಕಾನೂನು ಮಾಡಬೇಕಾಯಿತು.

ಹಾಂ, ಉತ್ತರ ಏನೂ ಬರಲಿಲ್ಲ ಅಂದೆ ಅಲ್ವಾ? ಅದು ಪೂರ್ತಿ ನಿಜವಲ್ಲ. ನಿನ್ನೆ ಅದೇ ಕಂಪನಿಯಿಂದ ಒಂದು ಇಮೇಲ್ ಬಂತು. ಎದೆ ಧಸಕ್ ಅಂತು. ತೆರೆದರೆ ಸಮೀಕ್ಷೆ. "ನಮ್ಮಲ್ಲಿ ಅರ್ಜಿ ಹಾಕಿದ ಅನುಭವ ಹೇಗಿತ್ತು? ಐದಕ್ಕೆ ಎಷ್ಟು ಸ್ಟಾರ್ ಕೊಡುತ್ತೀರಿ?" ಕೆಳಗೆ ಅನಿಸಿಕೆ ಬರೆಯಲು ಒಂದು ಬಾಕ್ಸ್ ಇತ್ತು. ಕೂತು ಬರೆದೆ, ಈ ಪೋಸ್ಟಿನಷ್ಟೇ ಉದ್ದ ಬರೆದೆ. ಇನ್ನೂರು ಅಕ್ಷರ ದಾಟುವ ಹಾಗಿಲ್ಲವಂತೆ.