ಮೆಡುಸಾ ಕೂದಲು ಬೋಳಿಸಿದ್ದು ಯಾಕೆ?

ನಿನ್ನೆ ರಾತ್ರಿ ಮಾರ್ವೆಲ್ ಕಾಮಿಕ್ಸಿನ ಸೂಪರ್‌ಹೀರೋಗಳ 'ಇನ್‌ಹ್ಯೂಮನ್ಸ್' ಟಿವಿ ಸೀರೀಸ್ ನೋಡಿ ಮುಗಿಸಿದೆ. ಎಂಟೂ ಎಪಿಸೋಡ್. ಕೋಪ ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕಾಮಿಕ್ಸ್ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಅದರಲ್ಲೂ ಚಂದ್ರನ ಮೇಲೆ ಬಾಳುವ, ಒಬ್ಬೊಬ್ಬರಿಗೂ ಒಂದೊಂದು ಶಕ್ತಿ ಇರುವ ಈ ಇನ್‌ಹ್ಯೂಮನ್ಸ್ ರಾಜಮನೆತನದ ಮೇಲೆ ಒಂದು ಕೈ ಜಾಸ್ತಿ ಪ್ರೀತಿ. ಬರಹಗಾರ ಸ್ಟ್ಯಾನ್ ಲೀ, ಚಿತ್ರಕಾರ ಜ್ಯಾಕ್ ಕರ್ಬಿ ಸೇರಿ 1965ರಲ್ಲಿ ಹುಟ್ಟುಹಾಕಿದ ಪಾತ್ರಗಳು ಇವು. ರಾಜ ಬ್ಲ್ಯಾಕ್ ಬೋಲ್ಟ್ ಪಿಸುಗುಟ್ಟಿದರೂ ಊರು ನೆಲಸಮ. ಅದಕ್ಕೇ ಅವನು ಬಾಯೇ ಬಿಡುವುದಿಲ್ಲ. ಅವನ ಪರವಾಗಿ ಮಾತಾಡುವವಳು ರಾಣಿ ಮೆಡುಸಾ. ಅವಳ ಶಕ್ತಿಯೆಲ್ಲ ಕೂದಲಲ್ಲಿ. ಉದ್ದನೆಯ ಕೆಂಪು ಕೂದಲು ತಾನೇ ಏಳುತ್ತದೆ, ಸುತ್ತಿಕೊಳ್ಳುತ್ತದೆ, ಎತ್ತಿ ಒಗೆಯುತ್ತದೆ.

ಮೊದಲ ಎಪಿಸೋಡ್ ಮುಗಿಯುವ ಹೊತ್ತಿಗೆ ಆ ಕೂದಲನ್ನು ಬೋಳಿಸಿಬಿಟ್ಟರು.

ರಾಜನ ತಮ್ಮ ಮ್ಯಾಕ್ಸಿಮಸ್ ದಂಗೆ ಎಬ್ಬಿಸಿ, ಕೈಯಲ್ಲಿ ಟ್ರಿಮ್ಮರ್ ಹಿಡಿದು ಅತ್ತಿಗೆಯ ತಲೆ ಬೋಳಿಸುತ್ತಾನೆ. ಕಥೆಯಲ್ಲಿ ಇದು ಎಂಥ ದೊಡ್ಡ ಅವಮಾನ! ಆದರೆ ನೋಡುವಾಗ ನನಗೆ ಅವಮಾನ ಕಾಣಲಿಲ್ಲ, ಲೆಕ್ಕದ ಪುಸ್ತಕ ಕಂಡಿತು. ಕೂದಲು ಅಲ್ಲಾಡಬೇಕು ಅಂದರೆ ಪ್ರತಿ ಸೀನಿಗೂ ಗ್ರಾಫಿಕ್ಸ್ ಬೇಕು, ದುಡ್ಡು ಬೇಕು. ಬೋಳಿಸಿದರೆ ಖರ್ಚೇ ಇಲ್ಲ. ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗಳು, "ಮಾಮ, ಹಂಗಾದ್ರೆ ಇನ್ಮೇಲೆ ಇವಳ ಪವರ್ ಏನು?" ಅಂತ ಕೇಳಿದಳು. ಎಂಟನೇ ಕ್ಲಾಸಿನ ಹುಡುಗಿಗೆ ತಕ್ಷಣ ಹೊಳೆದ ಪ್ರಶ್ನೆ, ಆ ಸ್ಕ್ರಿಪ್ಟ್ ಓದಿದ ಅಷ್ಟು ಜನರಲ್ಲಿ ಯಾರಿಗೂ ಹೊಳೆಯಲಿಲ್ವಾ?

ಅಲ್ಲಿಗೇ ನಿಲ್ಲಲಿಲ್ಲ. ಕಾರ್ನಾಕ್ ಅಂತ ಒಬ್ಬನಿದ್ದಾನೆ. ಯಾವುದೇ ವಸ್ತುವಿನಲ್ಲಿ, ಯಾರದೇ ಲೆಕ್ಕಾಚಾರದಲ್ಲಿ ದೋಷ ಎಲ್ಲಿದೆ ಅಂತ ಕಂಡುಹಿಡಿಯುವುದು ಅವನ ಶಕ್ತಿ. ದಂಗೆಯಿಂದ ತಪ್ಪಿಸಿಕೊಂಡು ಎಲ್ಲರೂ ಭೂಮಿಗೆ ಬಂದ ಮೇಲೆ ಅವನನ್ನು ಬಂಡೆಯಿಂದ ಬೀಳಿಸಿ, ತಲೆಗೆ ಪೆಟ್ಟು ಮಾಡಿ, ಆ ಶಕ್ತಿ ಕೆಡಿಸಿ, ಹವಾಯಿಯ ಕಾಡಿನಲ್ಲಿ ಗಾಂಜಾ ಬೆಳೆಯುವವರ ಜೊತೆ ಬಿಟ್ಟರು. ಲಾಕ್‌ಜಾ ಅನ್ನುವ ದೈತ್ಯ ನಾಯಿ ಇದೆ. ಕಣ್ಣು ಮಿಟುಕಿಸುವುದರಲ್ಲಿ ಚಂದ್ರನಿಂದ ಭೂಮಿಗೆ ಕರೆದುಕೊಂಡು ಬರುತ್ತದೆ. ಸೀರೀಸಿನಲ್ಲಿ ನಿಜಕ್ಕೂ ಮುದ್ದು ಬರುವುದು ಅದೊಂದೇ. ಅದಕ್ಕೂ ಗಾಯ ಮಾಡಿ ಮಲಗಿಸಿದರು. ಒಬ್ಬೊಬ್ಬರ ಶಕ್ತಿಯನ್ನೂ ಹೀಗೆ ಕಿತ್ತುಕೊಂಡ ಮೇಲೆ ಅದು ಸೂಪರ್‌ಹೀರೋ ಕಥೆ ಹೇಗಾಗುತ್ತದೆ?

ಚಂದ್ರನ ಮೇಲಿನ ಅವರ ಊರು ಆಟಿಲಾನ್ ಬಗ್ಗೆ ಹೇಳುವುದೇ ಬೇಡ. ಬರೀ ಬೂದು ಗೋಡೆ, ಬೂದು ಕಾರಿಡಾರು. ಒಂದು ರಾಜವಂಶ ಅಲ್ಲಿ ಬಾಳಿದೆ ಅನ್ನುವ ಗುರುತು ಎಲ್ಲೂ ಇಲ್ಲ.

ಟಿವಿ ಬಜೆಟ್ಟಿನಲ್ಲಿ ಇನ್ನೇನು ಮಾಡಲಿಕ್ಕಾಗುತ್ತದೆ ಅಂತ ಗೆಳೆಯರೊಬ್ಬರು ಫೋನಿನಲ್ಲಿ ವಾದ ಮಾಡಿದರು. ನಾನು ಒಪ್ಪುವುದಿಲ್ಲ. 2014ರಲ್ಲಿ ಮಾರ್ವೆಲ್ ಇದನ್ನು ದೊಡ್ಡ ಸಿನಿಮಾ ಅಂತಲೇ ಘೋಷಿಸಿತ್ತು. ಆಮೇಲೆ ಅದು ಟಿವಿಗೆ ಇಳಿಯಿತು. ಇಳಿದದ್ದು ತಪ್ಪಲ್ಲ. ಆದರೆ ಮೊದಲ ಎರಡು ಎಪಿಸೋಡನ್ನು ಐಮ್ಯಾಕ್ಸ್ ಕ್ಯಾಮೆರಾದಲ್ಲಿ ತೆಗೆದು, 2017ರ ಸೆಪ್ಟೆಂಬರ್ 1ರಂದು ಐಮ್ಯಾಕ್ಸ್ ಥಿಯೇಟರುಗಳಿಗೇ ಹಾಕಿದರು. ಟಿವಿಯಲ್ಲಿ ಬಂದದ್ದು ಅದೇ ತಿಂಗಳ ಕೊನೆಗೆ. ಅಷ್ಟು ದೊಡ್ಡ ಪರದೆಗೆ ದುಡ್ಡಿತ್ತು, ರಾಣಿಯ ಕೂದಲಿಗೆ ಇರಲಿಲ್ಲ. ಇದು ಬಡತನ ಅಲ್ಲ, ಯಾವುದು ಮುಖ್ಯ ಅನ್ನುವುದೇ ತಿಳಿಯದೆ ಇರುವುದು.

ಬಡತನದಲ್ಲಿ ಅದ್ಭುತ ತೋರಿಸುವುದು ಹೇಗೆ ಅಂತ ನೋಡಬೇಕಾದರೆ ನಮ್ಮ ತುರುವೇಕೆರೆ ಕಡೆಯ ಹಳ್ಳಿಗಳಿಗೆ ಬನ್ನಿ. ಜಾತ್ರೆ ಮುಗಿದ ಮೇಲೆ ಊರಿನವರೇ ಸೇರಿ ಕುರುಕ್ಷೇತ್ರ ನಾಟಕ ಆಡುತ್ತಾರೆ. ಪಾತ್ರಕ್ಕೆ ಇಷ್ಟು ಅಂತ ಕೈಯಿಂದ ದುಡ್ಡು ಹಾಕಿ ಪಾತ್ರ ಹಿಡಿಯುತ್ತಾರೆ. ಕೊಬ್ಬರಿ ವ್ಯಾಪಾರ ಮಾಡುವವರು ದುರ್ಯೋಧನ, ಡೈರಿಗೆ ಹಾಲು ಹಾಕುವವರು ಭೀಮ. ಹಾರ್ಮೋನಿಯಂ ಮಾಸ್ತರು ತಿಂಗಳುಗಟ್ಟಲೆ ಕೂರಿಸಿ ಕಲಿಸುತ್ತಾರೆ. ಸೀನ್ಸು, ಡ್ರೆಸ್ಸು ಎಲ್ಲ ಬಾಡಿಗೆಗೆ ಬರುತ್ತದೆ. ದ್ರೌಪದಿ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯನ್ನು ಕರೆಸುತ್ತಾರೆ.

ಬೆಳಗಿನ ಜಾವ ದುಶ್ಶಾಸನ ಬೀಳುತ್ತಾನೆ. ಭೀಮ ಪರದೆ ಪಕ್ಕ ಇಟ್ಟಿರುವ ಸ್ಟೀಲ್ ಬಟ್ಟಲಿಗೆ ಕೈ ಅದ್ದುತ್ತಾನೆ. ಕುಂಕುಮ ಕಲಸಿದ ನೀರು. ಆ ಕೈಯಲ್ಲೇ ದ್ರೌಪದಿಯ ಬಿಚ್ಚಿದ ಕೂದಲು ಸವರಿ ಮುಡಿ ಕಟ್ಟುತ್ತಾನೆ. ಅದು ಚೌರಿ. ಮುಂದಿನ ಸಾಲಿನಲ್ಲಿ ಕೂತರೆ ಕ್ಲಿಪ್ಪು ಕಾಣುತ್ತದೆ. ಕೆಂಪು ನೀರು ಆಕೆಯ ಕತ್ತಿನ ಮೇಲೆ ಇಳಿದು ಸೀರೆಗೆ ಹತ್ತುತ್ತದೆ, ಆಕೆ ಒರೆಸಿಕೊಳ್ಳುವುದಿಲ್ಲ. ಹಾಡು ಎತ್ತುತ್ತಾಳೆ. ಜನ ಒನ್ಸ್ ಮೋರ್ ಅಂತ ಕೂಗುತ್ತಾರೆ. ನಿದ್ದೆಗಣ್ಣಿನಲ್ಲಿದ್ದ ಮುದುಕಿಯರೂ ಎದ್ದು ಕೂರುತ್ತಾರೆ. ಯಾರಿಗೂ ಕ್ಲಿಪ್ಪಿನ ಯೋಚನೆ ಇರುವುದಿಲ್ಲ. ಒಂದು ಹೆಂಗಸಿನ ಕೂದಲಿನ ಸುತ್ತ ಇಡೀ ಯುದ್ಧ ನಿಂತಿದೆ ಅಂತ ಆಡುವವರಿಗೂ ಗೊತ್ತು, ನೋಡುವವರಿಗೂ ಗೊತ್ತು. ಚೌರಿ ಬಾಡಿಗೆ ಉಳಿಯುತ್ತದೆ ಅಂತ ದ್ರೌಪದಿ ತಲೆ ಬೋಳಿಸೋಣ ಅಂದರೆ ನಮ್ಮೂರವರು ಆ ಮಾಸ್ತರನ್ನು ಊರಾಚೆ ಬಿಟ್ಟು ಬರುತ್ತಾರೆ.

ದುಡ್ಡಿದ್ದರೆ ದುಡ್ಡು ಹಾಕಿಯೂ ತೋರಿಸಬಹುದು. ನಮ್ಮ ಜಿಲ್ಲೆಯ ಗುಬ್ಬಿ ವೀರಣ್ಣನವರು ಇದೇ ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದವರು. ಇದ್ದರೆ ಆನೆ, ಇಲ್ಲದಿದ್ದರೆ ಹಾರ್ಮೋನಿಯಂ. ಎರಡರಲ್ಲೂ ಕಥೆಗೆ ಮರ್ಯಾದೆ ಇದೆ.

ನಟರನ್ನು ಬೈಯುವ ಮನಸ್ಸು ನನಗಿಲ್ಲ. ಬ್ಲ್ಯಾಕ್ ಬೋಲ್ಟ್ ಪಾತ್ರ ಮಾಡಿದ ಆನ್ಸನ್ ಮೌಂಟ್ ಆ ಮೂಕ ರಾಜನಿಗೆಂದೇ ತಾವೇ ಒಂದು ಕೈಸನ್ನೆಯ ಭಾಷೆ ಕಟ್ಟಿದರು. ಭೂಮಿಯ ಸನ್ನೆ ಭಾಷೆ ಚಂದ್ರನವನಿಗೆ ಯಾಕೆ ಬರಬೇಕು, ಅಲ್ವಾ? ಹುಡುಗನಾಗಿದ್ದಾಗ "ಯಾಕೆ" ಅಂತ ಒಂದೇ ಮಾತು ಕೇಳಿ, ಎದುರಿಗಿದ್ದ ಅಪ್ಪ ಅಮ್ಮನನ್ನೇ ಕಳೆದುಕೊಂಡವನು ಆ ರಾಜ. ಆ ಒಂದು ಸನ್ನಿವೇಶ ನೋಡಿ ನನಗೆ ಹೊಟ್ಟೆ ಕಿವುಚಿದಂತಾಯಿತು. ಇಂಥ ನೋವು ಕೈಯಲ್ಲಿಟ್ಟುಕೊಂಡು ಅವನನ್ನು ಹವಾಯಿಯಲ್ಲಿ ಸುಮ್ನೆ ಅಲೆದಾಡಿಸಿದರು. 2018ರ ಮೇ ತಿಂಗಳಲ್ಲಿ ಸೀರೀಸ್ ರದ್ದಾಯಿತು. 2022ರಲ್ಲಿ ಬಂದ ಮಾರ್ವೆಲ್‌ನ ಡಾಕ್ಟರ್ ಸ್ಟ್ರೇಂಜ್ ಸಿನಿಮಾದಲ್ಲಿ ಅದೇ ನಟನಿಗೆ ಅದೇ ಪಾತ್ರದಲ್ಲಿ ಸ್ವಲ್ಪ ಹೊತ್ತು ಸಿಕ್ಕಿತು. ಆ ದನಿ ಎಷ್ಟು ಭಯಂಕರ ಅಂತ ಅಲ್ಲಿ ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಬಜೆಟ್ ಅನ್ನುವವರಿಗೆ ಇನ್ನೊಂದು ಮಾತು. ಅದೇ 2017ರಲ್ಲಿ, ಮಾರ್ವೆಲ್ ಕಾಮಿಕ್ಸಿನ ಪಾತ್ರದ ಮೇಲೆಯೇ 'ಲೀಜನ್' ಬಂತು. ಅದೂ ಟಿವಿ, ಅದರ ಮೊದಲ ಸೀಸನ್ ಕೂಡ ಎಂಟೇ ಎಪಿಸೋಡ್. ಅದರಲ್ಲಿ ಒಂದು ಕಡೆ ಹಳೇ ಮೂಕಿ ಚಿತ್ರದ ಥರ ಕಪ್ಪುಬಿಳುಪಿನಲ್ಲಿ ಸನ್ನಿವೇಶ ನಡೆಸುತ್ತಾರೆ, ಎದೆ ಝಲ್ ಅನ್ನುತ್ತದೆ. ಅಕ್ಕನ ಮಗಳು ಇನ್ನೂ ಚಿಕ್ಕವಳು, ಅದನ್ನು ತೋರಿಸಲಾರೆ. ಅವಳಿಗೆ ಮೆಡುಸಾ ಇರುವ ಹಳೇ ಕಾಮಿಕ್ಸ್ ತೆಗೆದುಕೊಟ್ಟಿದ್ದೇನೆ. ನೀವು ಲೀಜನ್ ನೋಡಿ ಬನ್ನಿ. ಆಮೇಲೂ ಬಜೆಟ್ ಅಂದರೆ ಕೂತು ಜಗಳ ಆಡೋಣ.