ಅಪಘಾತವಿಲ್ಲದ ದಿನಗಳ ಬೋರ್ಡು

ಇವತ್ತು ಶಾಪ್ ಫ್ಲೋರ್‌ನಲ್ಲಿ ಸೇಫ್ಟಿ ಬಹುಮಾನ ಹಂಚಿದರು. ಗೇಟಿನ ಹತ್ತಿರದ "ಅಪಘಾತವಿಲ್ಲದ ದಿನಗಳು" ಬೋರ್ಡಿನಲ್ಲಿ ಸಂಖ್ಯೆ ಮುನ್ನೂರು ದಾಟಿತಂತೆ. ಹೂಗುಚ್ಛ, ಭಾಷಣ, ಫೋಟೊ ಎಲ್ಲ ಆಯ್ತು. ನನ್ನ ಪಕ್ಕದಲ್ಲಿದ್ದ ಹುಡುಗ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಎರಡು ಬೆರಳಿಗೆ ಬ್ಯಾಂಡೇಜು. "ಏನೋ ಇದು?" ಅಂದೆ. "ಮನೇಲಿ ಬಾಗಿಲಿಗೆ ಸಿಕ್ಕಿಹಾಕ್ಕೊಂಡ್ತು ಅಣ್ಣ" ಅಂದ. ಅವನ ಮನೆ ಬಾಗಿಲಿಗೂ ನಮ್ಮ ಪ್ರೆಸ್ ಮೆಷಿನ್‌ನ ಗ್ರೀಸೇ ಹಚ್ಚುತ್ತಾರೇನೋ, ಬ್ಯಾಂಡೇಜಿನ ಅಂಚಿಗೆಲ್ಲ ಅದೇ ಕಪ್ಪು.

ಅವನ ಮೇಲೆ ನನಗೆ ಸಿಟ್ಟಿಲ್ಲ. ನಿಜ ಹೇಳಿದ್ದರೆ ಬೋರ್ಡು ಸೊನ್ನೆಗೆ ಬರುತ್ತಿತ್ತು. ಇಡೀ ಸೆಕ್ಷನ್‌ನ ಬಹುಮಾನ ಹೋಗುತ್ತಿತ್ತು. ಬೈಸಿಕೊಳ್ಳುವವನು ಅವನೇ. ಸುಳ್ಳು ಹೇಳಿದರೆ ಲಾಭ, ನಿಜ ಹೇಳಿದರೆ ನಷ್ಟ ಅಂತ ನಾವೇ ವ್ಯವಸ್ಥೆ ಮಾಡಿಟ್ಟು, ಆಮೇಲೆ ಅದಕ್ಕೆ ಸುರಕ್ಷತೆ ಅಂತ ಹೆಸರಿಟ್ಟಿದ್ದೇವೆ.

ನಾನು ಮೆಂಟೆನೆನ್ಸ್‌ನವನು, ನಿಮಗೆ ಗೊತ್ತೇ ಇದೆ. ಮೆಷಿನ್ ಕೆಟ್ಟಾಗ ಮಾತ್ರ ನೆನಪಾಗುವ ಮನುಷ್ಯ. ಹಾಗಾಗಿ ಭಾಷಣ ಮಾಡುವವರಿಗೆ ಕಾಣದ್ದು ನನಗೆ ಕಾಣುತ್ತದೆ. ಪವರ್ ಪ್ರೆಸ್ ಅಂದರೆ ಲೋಹದ ತಗಡನ್ನು ಒತ್ತಿ ಆಕಾರ ಕೊಡುವ ಮೆಷಿನ್. ಕೆಳಗಿನ ಅಚ್ಚು ಡೈ, ಮೇಲಿಂದ ಇಳಿದು ಒತ್ತುವ ಭಾರದ ಭಾಗ ರ‍್ಯಾಮ್. ಈ ಮೆಷಿನ್‌ಗೆ ಎರಡು ಬಟನ್ ಇರುತ್ತವೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ರ‍್ಯಾಮ್ ಇಳಿಯಬೇಕು. ಎರಡೂ ಕೈ ಬಟನ್ ಮೇಲಿದ್ದರೆ ಡೈ ಒಳಗೆ ಕೈ ಇರೋದಿಲ್ಲ, ಅಷ್ಟೇ ಲೆಕ್ಕ. ಹತ್ತಿರ ಹೋಗಿ ನೋಡಿದರೆ ಎಡಗಡೆ ಬಟನ್‌ಗೆ ಮರದ ಚಕ್ಕೆ ಸಿಕ್ಕಿಸಿ, ಮೇಲೆ ಇನ್ಸುಲೇಷನ್ ಟೇಪ್ ಸುತ್ತಿದ್ದಾರೆ. ಟೇಪಿನ ಅಂಚು ಸುರುಟಿಕೊಂಡು ಎಣ್ಣೆ ಕೊಳೆ ಹಿಡಿದಿದೆ. ನಿನ್ನೆ ಮೊನ್ನೆ ಸುತ್ತಿದ್ದಲ್ಲ ಅದು. ಅದರ ಮುಂದೆಯೇ ದಿನಾ ಸೂಪರ್‌ವೈಸರ್ ಓಡಾಡಿದ್ದಾರೆ, ಆಡಿಟ್‌ನವರೂ ಬಂದು ಹೋಗಿದ್ದಾರೆ.

ಯಾಕೆ ಸಿಕ್ಕಿಸಿದ್ದಾರೆ? ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಕೊಟ್ಟಿದ್ದೀರಲ್ಲ, ಅದಕ್ಕೆ! ಒಂದು ಕೈ ಖಾಲಿ ಇದ್ದರೆ ಕೆಲಸ ಬೇಗ ಸಾಗುತ್ತದೆ. ಒಂದು ಬಟನ್ ಒತ್ತಿಟ್ಟರೆ ಪ್ರೆಸ್ಸೇ ಓಡದಂತೆ ಮಾಡುವ ಸರ್ಕ್ಯೂಟ್ ಇದೆ. ಪ್ರತಿ ಸ್ಟ್ರೋಕಿಗೂ ಎರಡೂ ಬಟನ್ ಬಿಟ್ಟು ಮತ್ತೆ ಒತ್ತಲೇಬೇಕು. ಅದನ್ನು ಹಾಕಿಸಿ ಅಂದರೆ ಬಜೆಟ್ ಇಲ್ಲ. "ಸುರಕ್ಷತೆಯೇ ಮೊದಲು" ಬ್ಯಾನರ್‌ಗೆ ಮಾತ್ರ ಯಾವಾಗಲೂ ಇರುತ್ತೆ.

ಈಗ ಕಾಮೆಂಟಲ್ಲಿ ಯಾರೋ ಬಂದೇ ಬರುತ್ತಾರೆ: "ಹೆಲ್ಮೆಟ್, ಗ್ಲೌಸ್ ಕೊಟ್ಟರೂ ಹಾಕಲ್ಲ ಕಣ್ರೀ, ನಮ್ಮ ಜನಾನೇ ಸರಿ ಇಲ್ಲ." ಹಾಕದವರು ಇದ್ದಾರೆ, ಒಪ್ಪಿದೆ. ಆದರೆ ತಿರುಗುವ ಡ್ರಿಲ್ ಹತ್ತಿರ ಗ್ಲೌಸ್ ಹಾಕಿದರೆ ಗ್ಲೌಸಿನ ಜೊತೆ ಕೈಯನ್ನೂ ಎಳೆದುಕೊಳ್ಳುತ್ತದೆ ಅಂತ ಕೊಡುವವರಿಗೆ ಗೊತ್ತಿದೆಯಾ? ಸೇಫ್ಟಿಯ ಪಾಠದಲ್ಲೇ ಒಂದು ಕ್ರಮ ಇದೆ. ಮೊದಲು ಅಪಾಯವನ್ನೇ ತೆಗೆಯಿರಿ. ಆಗದಿದ್ದರೆ ಕಡಿಮೆ ಅಪಾಯದ್ದನ್ನು ತನ್ನಿ. ಆಮೇಲೆ ಗಾರ್ಡ್, ಸೆನ್ಸರ್. ಆಮೇಲೆ ತರಬೇತಿ, ನಿಯಮ. ಹೆಲ್ಮೆಟ್, ಗ್ಲೌಸ್ ಬರೋದು ಕಟ್ಟಕಡೆಗೆ. ನಾವು ಕಡೆಯದರಿಂದ ಶುರು ಮಾಡಿ ಅಲ್ಲೇ ನಿಂತುಬಿಡ್ತೇವೆ, ಯಾಕೆಂದರೆ ಅದೇ ಅಗ್ಗ.

ಈ ಬೋರ್ಡಿನ ಹುಚ್ಚು ನಮ್ಮಲ್ಲಿ ಮಾತ್ರ ಇಲ್ಲ ಬಿಡಿ. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ, ಸಮುದ್ರದಲ್ಲಿ ತೈಲ ಬಾವಿ ಕೊರೆಯುವ ರಿಗ್ ಸ್ಫೋಟವಾಗಿ 11 ಜನ ಸತ್ತರು. ಅವತ್ತೇ ದೊಡ್ಡ ಅಧಿಕಾರಿಗಳು ರಿಗ್‌ಗೆ ಬಂದಿದ್ದರು. ಕೆಲಸಕ್ಕೆ ರಜೆ ಹಾಕುವಂಥ ಗಾಯ ಒಂದೂ ಇಲ್ಲದೆ 7 ವರ್ಷ ಕಳೆದಿದೆ ಅಂತ ಅಭಿನಂದಿಸೋದಕ್ಕೆ! ಬಿದ್ದು ಕೈಕಾಲು ಮುರಿದುಕೊಂಡವರ ಲೆಕ್ಕಕ್ಕೂ, ಬಾವಿಯಿಂದ ಗ್ಯಾಸ್ ನುಗ್ಗುವ ಅಪಾಯಕ್ಕೂ ಸಂಬಂಧವೇ ಇಲ್ಲ. ಒಂದನ್ನು ಎಣಿಸುತ್ತಾ ಇನ್ನೊಂದನ್ನು ಮರೆತರು.

ಒಂದು ಗುಟ್ಟು ಹೇಳ್ತೀನಿ. ಡೈ ಬದಲಿಸಲು ಕೈ ಒಳಗೆ ಹಾಕುವಾಗ ನನಗೆ ಇವತ್ತಿಗೂ ಹೆದರಿಕೆ. ಮೇನ್ ಸ್ವಿಚ್‌ಗೆ ನನ್ನದೇ ಬೀಗ, ಕೀ ನನ್ನ ಜೇಬಲ್ಲಿ, ರ‍್ಯಾಮ್ ಕೆಳಗೆ ಬ್ಲಾಕ್. ಆದರೂ ಒಮ್ಮೆ ಸ್ವಿಚ್ ಕಡೆ ತಿರುಗಿ ನೋಡ್ತೇನೆ. ಹುಡುಗರು ನಗ್ತಾರೆ. ನಗಲಿ.

ಬದಲಾಯಿಸೋಕೆ ಆಗಲ್ಲ ಅನ್ನೋದೂ ಸುಳ್ಳು. 1987ರಲ್ಲಿ ಅಮೆರಿಕದ ಅಲ್ಯೂಮಿನಿಯಂ ಕಂಪನಿ ಅಲ್ಕೋವಾಗೆ ಪಾಲ್ ಓನೀಲ್ ಮುಖ್ಯಸ್ಥರಾಗಿ ಬಂದಾಗ, ಹೂಡಿಕೆದಾರರ ಮುಂದೆ ಲಾಭದ ಮಾತು ಬಿಟ್ಟು ಕಾರ್ಮಿಕರ ಗಾಯದ ಬಗ್ಗೆ ಮಾತಾಡಿದರು. ನನಗೆ ಅದಕ್ಕಿಂತ ಇಷ್ಟವಾಗಿದ್ದು ಆಮೇಲಿನದು. ಮೆಕ್ಸಿಕೋದ ಘಟಕದಲ್ಲಿ ವಿಷಗಾಳಿಯಿಂದ ಕಾರ್ಮಿಕರು ಅಸ್ವಸ್ಥರಾಗಿದ್ದನ್ನು ಮೇಲಕ್ಕೆ ತಿಳಿಸಲಿಲ್ಲ ಅಂತ ಒಬ್ಬ ಹಿರಿಯ ಅಧಿಕಾರಿಯನ್ನೇ ಮನೆಗೆ ಕಳಿಸಿದರು. ಗಾಯ ಆಗಿದ್ದಕ್ಕಲ್ಲ, ಮುಚ್ಚಿಟ್ಟಿದ್ದಕ್ಕೆ. ನಮ್ಮಲ್ಲಿ ಮುಚ್ಚಿಟ್ಟವರಿಗೆ ಶಾಲು ಹೊದಿಸ್ತಾರೆ.

ಬೋರ್ಡು ಬೇಕೇ ಬೇಕು ಅಂದರೆ ಇರಲಿ. ಅದರ ಮೇಲೆ ಬೇರೆ ಬರೆಯಿರಿ. "ಸ್ವಲ್ಪದರಲ್ಲಿ ತಪ್ಪಿತು" ಅಂತ ಈ ತಿಂಗಳು ಬಂದ ದೂರು ಎಷ್ಟು, ಸರಿ ಮಾಡಿದ್ದು ಎಷ್ಟು, ಬಾಕಿ ಇರೋದು ಯಾರ ಟೇಬಲ್ ಮೇಲೆ ಕೂತಿದೆ, ಹೆಸರು ಸಮೇತ. ಇದನ್ನೇ ಇವತ್ತು ಮೀಟಿಂಗ್‌ನಲ್ಲಿ ಹೇಳಿದೆ. "ಹೆಸರೆಲ್ಲ ಯಾಕೆ ಬಿಡಿ, ಮುಜುಗರ ಆಗುತ್ತೆ" ಅಂದರು ನಮ್ಮ ಮ್ಯಾನೇಜರ್ ಸಾಹೇಬರು. ಹೋದ ವರ್ಷ ಗಾಯವಾದವನ ಹೆಸರನ್ನು "ನಿರ್ಲಕ್ಷ್ಯ" ಅಂತ ಷರಾ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದವರೂ ಇವರೇ.